ಮಜ್ಜನ ಮತ್ತು ಅಭಿಷೇಕ: ದೇವತಾಸ್ನಾನದ ಪರಿಭಾಷೆ ಹಾಗೂ ಆಚರಣೆ

ದೇವತಾಮೂರ್ತಿಗೆ ನೀರೆರೆಯುವ ಕ್ರಿಯೆಯನ್ನು ಸೂಚಿಸಲು ಇಂದಿನ ಕನ್ನಡದಲ್ಲಿ ಬಹುಮಟ್ಟಿಗೆ ಒಂದೇ ಪದ ಬಳಕೆಯಲ್ಲಿದೆ. ಅದು ‘ಅಭಿಷೇಕ’. ದೇವಾಲಯಗಳ ಸೇವಾಪಟ್ಟಿಯಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ, ದಿನಪತ್ರಿಕೆಗಳ ವರದಿಗಳಲ್ಲಿ ಕ್ಷೀರಾಭಿಷೇಕ, ರುದ್ರಾಭಿಷೇಕ, ಪಂಚಾಮೃತಾಭಿಷೇಕ, ಕುಂಭಾಭಿಷೇಕ ಎಂಬ ಸಮಾಸಗಳೇ ಕಾಣುತ್ತವೆ. ಆದರೆ ನಡುಗನ್ನಡದ ಸಾಹಿತ್ಯವನ್ನು, ಅದರಲ್ಲಿಯೂ ವಚನ ಮತ್ತು ರಗಳೆಗಳನ್ನು ಓದುವವರಿಗೆ ಇದಕ್ಕಿಂತ ಹೆಚ್ಚು ಪರಿಚಿತವಾದ ಪದ ‘ಮಜ್ಜನ’. ಈ ಎರಡೂ ಪದಗಳನ್ನು ಪರ್ಯಾಯಗಳೆಂದು ಭಾವಿಸಿ ಟೀಕೆ ಬರೆಯುವುದು ನಮ್ಮ ಪಠ್ಯಸಂಪಾದನೆಯಲ್ಲಿ ರೂಢಿಯಾಗಿದೆ. ಅರ್ಥಕೋಶದ ಮಟ್ಟಿಗೆ ಅದು ತಪ್ಪಲ್ಲ. ಆದರೆ ಈ ಎರಡು ಪದಗಳ ಹಿಂದೆ ಎರಡು ಬೇರೆ ಬೇರೆ ಕಲ್ಪನೆಗಳಿವೆ. ಒಂದು ದೇವರನ್ನು ಮನೆಗೆ ಬಂದ ಅತಿಥಿಯಾಗಿ, ಮತ್ತೊಂದು ಪಟ್ಟವೇರುವ ಅರಸನಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಪೂಜಾವಿಧಿಯ ರಚನೆಯಾಗಲಿ, ವಚನಕಾರರು ಅದರ ಬಗ್ಗೆ ತಳೆದ ನಿಲುವಾಗಲಿ, ಇಂದು ಗರ್ಭಗೃಹಗಳಲ್ಲಿ ಎದ್ದಿರುವ ವಿಗ್ರಹಸವೆತದ ಪ್ರಶ್ನೆಯಾಗಲಿ ಸ್ಪಷ್ಟವಾಗುವುದಿಲ್ಲ.

‘ಮಜ್ಜನ’ವು ಮುಳುಗು ಎಂಬರ್ಥದ ‘ಮಜ್ಜ್’ ಧಾತುವಿನಿಂದ ಬಂದುದು. ‘ಅಭಿಷೇಕ’ವು ಚಿಮುಕಿಸು, ಸುರಿ ಎಂಬರ್ಥದ ‘ಸಿಚ್’ ಧಾತುವಿನಿಂದ ಬಂದುದು. ಆಗಮಗಳಲ್ಲಿ ಬಳಕೆಯಾಗುವ ಮೂರನೆಯ ಪದ ‘ಸ್ನಪನ’. ಇದು ‘ಸ್ನಾ’ ಧಾತುವಿನ ಪ್ರೇರಣಾರ್ಥಕ ರೂಪ, ಅಂದರೆ ಮೀಯಿಸುವುದು. ಕನ್ನಡವು ಈ ಮೂರನ್ನೂ ಎರವಲು ಪಡೆದರೂ ಕ್ರಿಯೆಯನ್ನು ಹೇಳುವಾಗ ತನ್ನದೇ ಆದ ಒಂದು ಧಾತುವನ್ನು ಉಳಿಸಿಕೊಂಡಿದೆ. ಅದು ‘ಎರೆ’. ಮಜ್ಜನವನ್ನು ‘ಮಾಡುವುದು’ ಎನ್ನುವಂತೆಯೇ ಮಜ್ಜನಕ್ಕೆ ‘ಎರೆಯುವುದು’ ಎನ್ನುವುದೂ ಕನ್ನಡದ ನುಡಿಗಟ್ಟು. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ವಿಚಿತ್ರವಾದ ಜೋಡಣೆ: ಮುಳುಗುವಿಕೆಗೆ ಸುರಿಯುವುದು ಹೇಗೆ? ನೆಲದಲ್ಲಿ ನೆಟ್ಟ ಲಿಂಗ ಅಥವಾ ಪೀಠಕ್ಕೆ ಬಂಧಿಸಿದ ಪ್ರತಿಮೆ ಮುಳುಗಲಾರದು ಎಂಬ ವಾಸ್ತವವೇ ಈ ನುಡಿಗಟ್ಟನ್ನು ರೂಪಿಸಿತೆಂದು ತೋರುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ‘ಎರೆ’ ಎಂಬುದು ಮನೆಯ ಒಳಗಿನ ಪದ. ಕೂಸಿಗೆ ನೀರೆರೆಯುತ್ತಾರೆ, ಬಾಣಂತಿಗೆ ಎರೆಯುತ್ತಾರೆ, ಹಬ್ಬದ ದಿನ ತಲೆಗೆ ಎರೆದುಕೊಳ್ಳುತ್ತಾರೆ. ದಾನದಲ್ಲಿಯೂ ಮದುವೆಯಲ್ಲಿಯೂ ಧಾರೆ ಎರೆಯುತ್ತಾರೆ. ತಾನೇ ಮೀಯಲಾರದವರನ್ನು ಮತ್ತೊಬ್ಬರು ಮೀಯಿಸುವ ಮಮತೆಯ ಛಾಯೆ ಈ ಪದಕ್ಕಿದೆ. ‘ಅಭಿಷೇಕ’ಕ್ಕೆ ಅದಿಲ್ಲ.

ಪೂಜಾವಿಧಿಯ ಚೌಕಟ್ಟಿನಲ್ಲಿ ಸ್ನಾನದ ಸ್ಥಾನವನ್ನು ಗಮನಿಸಿದರೆ ಈ ಗೃಹಸಂಬಂಧ ಇನ್ನಷ್ಟು ನಿಚ್ಚಳವಾಗುತ್ತದೆ. ಷೋಡಶೋಪಚಾರದ ಕ್ರಮದಲ್ಲಿ ಆವಾಹನೆ, ಆಸನ, ಪಾದ್ಯ, ಅರ್ಘ್ಯ, ಆಚಮನಗಳ ನಂತರ ಸ್ನಾನ. ಅದಾದ ಮೇಲೆ ವಸ್ತ್ರ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಇದು ದೂರದಿಂದ ಬಂದ ಮಾನ್ಯ ಅತಿಥಿಯನ್ನು ಬರಮಾಡಿಕೊಳ್ಳುವ ಕ್ರಮವಲ್ಲದೆ ಬೇರೆಯಲ್ಲ. ಕುಳ್ಳಿರಿಸಿ, ಕಾಲಿಗೆ ನೀರು ಕೊಟ್ಟು, ಮೀಯಿಸಿ, ಉಡಿಸಿ, ಉಣಿಸುವುದು. ಉಡುಪಿಯ ಕೃಷ್ಣಮಠದಲ್ಲಿ ನಡೆಯುವ ಹದಿನಾಲ್ಕು ನಿತ್ಯಪೂಜೆಗಳಲ್ಲಿ ಈ ಒಂದು ಉಪಚಾರವೇ ಹಲವು ಹಂತಗಳಾಗಿ ಬಿಡಿಸಿಕೊಂಡಿದೆ. ಹಿಂದಿನ ದಿನದ ಹೂವು ಅಲಂಕಾರಗಳನ್ನು ತೆಗೆಯುವ ನಿರ್ಮಾಲ್ಯವಿಸರ್ಜನೆಯಿಂದ ದಿನ ಆರಂಭವಾಗುತ್ತದೆ, ಮುಂದೆ ಪಂಚಾಮೃತ, ಉದ್ವರ್ತನ, ಕಲಶ, ತೀರ್ಥಪೂಜೆಗಳು ಒಂದರ ಹಿಂದೊಂದು ಬರುತ್ತವೆ, ಆಮೇಲೆ ಅಲಂಕಾರ. ಇಲ್ಲಿ ‘ಉದ್ವರ್ತನ’ ಎಂಬ ಹೆಸರು ಗಮನಾರ್ಹ. ಮೈಗೆ ಹಚ್ಚಿದ ಎಣ್ಣೆಯ ಜಿಡ್ಡನ್ನು ಹಿಟ್ಟು ಪುಡಿಗಳಿಂದ ಉಜ್ಜಿ ತೆಗೆಯುವುದಕ್ಕೆ ವೈದ್ಯಗ್ರಂಥಗಳು ಬಳಸುವ ಪದವಿದು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಗಳಿಂದ ಮೀಯಿಸಿದ ಮೇಲೆ ಆ ಜಿಡ್ಡನ್ನು ತೆಗೆಯಲೇಬೇಕು ಎಂಬ ವ್ಯಾವಹಾರಿಕ ಅರಿವು ವಿಧಿಯೊಳಗೇ ಒಂದು ಪ್ರತ್ಯೇಕ ಪೂಜೆಯಾಗಿ ಸೇರಿಕೊಂಡಿದೆ. ಅಭ್ಯಂಗ ಮಾಡಿಸಿದವರು ಸೀಗೆಯನ್ನು ಮರೆಯುವುದಿಲ್ಲ!

ಹೀಗಿರುವಾಗ ದೇವತಾಸ್ನಾನವನ್ನು ‘ಶುದ್ಧಿ’ ಎಂದು ವಿವರಿಸುವುದು ಎಷ್ಟರಮಟ್ಟಿಗೆ ಸರಿ? ಶಾಸ್ತ್ರಗಳು ಈ ಎರಡನ್ನೂ ಬೇರೆಯಾಗಿಯೇ ಇಟ್ಟಿವೆ. ಶುದ್ಧಿಯ ಅಗತ್ಯವಿರುವುದು ಪ್ರತಿಷ್ಠೆಗೆ ಮುನ್ನ. ಶಿಲ್ಪಿಯ ಉಳಿ ತಾಗಿದ ಕಲ್ಲು ಇನ್ನೂ ವಸ್ತುವಾಗಿಯೇ ಇರುತ್ತದೆ. ಅದನ್ನು ನೀರಿನಲ್ಲಿ ಇರಿಸುವ ಜಲಾಧಿವಾಸ, ಮಣ್ಣು, ಪಂಚಗವ್ಯ, ಕಷಾಯಗಳಿಂದ ತೊಳೆಯುವ ಕ್ರಿಯೆಗಳು ಆ ವಸ್ತುವಿನ ದೋಷವನ್ನು ಕಳೆಯುತ್ತವೆ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಪ್ರತಿಮಾಪ್ರತಿಷ್ಠೆಯ ಅಧ್ಯಾಯದಲ್ಲಿ ಅಶ್ವತ್ಥ, ಅತ್ತಿ, ಶಿರೀಷ, ಆಲ ಮೊದಲಾದ ಮರಗಳ ಕಷಾಯ, ವಿವಿಧ ಸ್ಥಳಗಳ ಮಣ್ಣು, ಪಂಚಗವ್ಯ, ತೀರ್ಥೋದಕಗಳಿಂದ ಪ್ರತಿಮೆಯನ್ನು ಮೀಯಿಸುವ ವಿವರ ಬರುತ್ತದೆ. ಪ್ರತಿಷ್ಠೆಯಾದ ಮೇಲೆ ಮೂರ್ತಿಯೇ ಪಾವನಗೊಳಿಸುವ ಮೂಲ. ಅದನ್ನು ಮುಟ್ಟಿದ ನೀರು ತೀರ್ಥವಾಗುತ್ತದೆಯೇ ಹೊರತು ನೀರಿನಿಂದ ಅದು ಶುದ್ಧವಾಗುವುದಿಲ್ಲ. ಆ ನಂತರವೂ ಶುದ್ಧಿಕ್ರಿಯೆ ಬೇಕಾಗುವುದು ‘ಮೈಲಿಗೆ’ ಎಂದು ಪುರೋಹಿತವರ್ಗ ಗುರುತಿಸಿದ ಸಂದರ್ಭಗಳಲ್ಲಿ ಮಾತ್ರ. ಸಂಪ್ರೋಕ್ಷಣೆಯ ವಿಧಿಗಳು ಅದಕ್ಕಾಗಿ ಇವೆ. ದಲಿತರು ಪ್ರವೇಶಿಸಿದರೆಂಬ ಕಾರಣಕ್ಕೆ ಗುಡಿಯನ್ನು ತೊಳೆದು ‘ಶುದ್ಧಿ’ಗೊಳಿಸಿದ ಘಟನೆಗಳು ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದ ಮೇಲೂ ವರದಿಯಾಗಿವೆ. ನಿತ್ಯದ ಮಜ್ಜನಕ್ಕೂ ಈ ಬಗೆಯ ಶುದ್ಧಿಗೂ ನೀರು ಒಂದೇ ಆದರೂ ತರ್ಕ ಒಂದೇ ಅಲ್ಲ. ಮೊದಲನೆಯದು ಬಂದವರನ್ನು ಗೌರವಿಸುತ್ತದೆ. ಎರಡನೆಯದು ಬಂದವರನ್ನು ಅವಮಾನಿಸುತ್ತದೆ. ಇವೆರಡನ್ನೂ ‘ಶುದ್ಧೀಕರಣ’ ಎಂಬ ಒಂದೇ ಹೆಸರಿನಡಿ ತಂದರೆ ಈ ಅಂತರ ಮರೆಯಾಗುತ್ತದೆ.

ಅತಿಥಿಯ ಸ್ನಾನ ಅರಸನ ಸ್ನಾನವಾದುದು ಹೇಗೆಂಬುದು ಮುಂದಿನ ಪ್ರಶ್ನೆ. ವೈದಿಕ ಸಾಹಿತ್ಯದಲ್ಲಿ ಅಭಿಷೇಕವೆಂದರೆ ಮುಖ್ಯವಾಗಿ ರಾಜನ ಅಭಿಷೇಕ. ರಾಜಸೂಯಕ್ಕಾಗಿ ಹದಿನೇಳು ಬಗೆಯ ನೀರನ್ನು ಸಂಗ್ರಹಿಸುವ ವಿಧಾನವನ್ನು ಶತಪಥಬ್ರಾಹ್ಮಣ ವಿವರಿಸುತ್ತದೆ. ಮೇಲೆ ಹೇಳಿದ ಬೃಹತ್ಸಂಹಿತೆಯಲ್ಲಿಯೇ ಅರಸನ ಪುಷ್ಯಸ್ನಾನಕ್ಕೆ ಬೇರೊಂದು ಅಧ್ಯಾಯವಿದೆ. ದೇವರ ಸ್ನಾನ, ದೊರೆಯ ಸ್ನಾನ ಎರಡೂ ಒಂದೇ ಗ್ರಂಥದ ವಿಷಯವಾಗಿರುವುದು ಆಕಸ್ಮಿಕವಲ್ಲ. ಆದರೆ ಕನ್ನಡ ನಾಡಿನ ಮಟ್ಟಿಗೆ ಇನ್ನೂ ಹತ್ತಿರದ ಸಾಕ್ಷ್ಯವಿದೆ. ಕ್ರಿ.ಶ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನು ಅನುಭವಿಸಬೇಕಾದ ಇಪ್ಪತ್ತು ಉಪಭೋಗಗಳ ನಿರೂಪಣೆಯಿದೆ. ಗೃಹ, ಸ್ನಾನ, ಪಾದುಕಾ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯ, ಭೂಷಣ ಇತ್ಯಾದಿಯಾಗಿ ಈ ಪಟ್ಟಿ ಬೆಳೆಯುತ್ತದೆ. ಇದೇ ಕಾಲದ, ಇದೇ ಪ್ರದೇಶದ ಕನ್ನಡ ದಾನಶಾಸನಗಳಲ್ಲಿ ದೇವರ ‘ಅಂಗಭೋಗ ರಂಗಭೋಗ’ಗಳಿಗೆ ಭೂಮಿ, ಸುಂಕ, ತೋಟಗಳನ್ನು ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಅಂಗಭೋಗವೆಂದರೆ ದೇವರ ಮೈಗೆ ಸಂಬಂಧಿಸಿದ ಸ್ನಾನ, ಗಂಧ, ವಸ್ತ್ರ, ಹೂವು ಮೊದಲಾದವು; ರಂಗಭೋಗವೆಂದರೆ ರಂಗಮಂಟಪದ ಗೀತ, ವಾದ್ಯ, ನೃತ್ಯಗಳು. ಸೋಮೇಶ್ವರನ ಉಪಭೋಗಪಟ್ಟಿಯನ್ನೂ ಶಾಸನಗಳ ಅಂಗಭೋಗವನ್ನೂ ಪಕ್ಕಪಕ್ಕದಲ್ಲಿರಿಸಿದರೆ ‘ಭೋಗ’ ಎಂಬ ಪದವೇ ಅರಮನೆಗೂ ಗುಡಿಗೂ ನಡುವಿನ ಸೇತುವೆಯಾಗಿ ಕಾಣುತ್ತದೆ. ಶಾಸನಾಧ್ಯಯನದಲ್ಲಿ ಅಂಗಭೋಗ-ರಂಗಭೋಗವನ್ನು ಬರಿಯ ರೂಢಿಯ ಮಾತೆಂದು ದಾಟಿಹೋಗುವ ಪ್ರವೃತ್ತಿಯಿದೆ. ವಾಸ್ತವವಾಗಿ ಅದು ದೇವರ ದಿನಚರಿಯನ್ನು ಭೂಕಂದಾಯಕ್ಕೆ ಜೋಡಿಸಿದ ಪರಿಭಾಷೆ. ಕೊಡದ ನೀರು, ಗಂಧದ ಕೊರಡು, ಹೂದೋಟದ ಮಾಲೆ ಇವೆಲ್ಲ ಯಾರದೋ ದುಡಿಮೆಯ ಮೇಲೆ ನಿಂತಿದ್ದವು.

ಸ್ನಾನದ ವಿಧಾನವನ್ನು ನಿರ್ಧರಿಸುವಲ್ಲಿ ಮೂರ್ತಿಯ ದ್ರವ್ಯಕ್ಕೆ ದೊಡ್ಡ ಪಾತ್ರವಿದೆ. ಶಿವಲಿಂಗದ ರಚನೆಯೇ ನೀರನ್ನು ಊಹಿಸಿಕೊಂಡಿರುತ್ತದೆ. ಲಿಂಗದ ಬುಡದ ಪಾಣಿಬಟ್ಟಲು ಬಿದ್ದ ನೀರನ್ನು ಹಿಡಿದು ಒಂದು ಬದಿಗೆ ಹರಿಸುತ್ತದೆ; ಅಲ್ಲಿಂದ ಪ್ರಣಾಳದ ಮೂಲಕ ಗರ್ಭಗೃಹದ ಗೋಡೆಯಿಂದ ಹೊರಗೆ ಬೀಳುತ್ತದೆ. ಮಕರದ ಅಥವಾ ಸಿಂಹದ ಬಾಯಾಗಿ ಈ ಪ್ರಣಾಳವನ್ನು ಕಡೆದ ಉದಾಹರಣೆಗಳು ಕರ್ನಾಟಕದ ಗುಡಿಗಳಲ್ಲಿ ಧಾರಾಳವಾಗಿವೆ. ಶಿವಾಲಯದಲ್ಲಿ ಈ ನೀರಿನ ದಾರಿಯಾದ ಸೋಮಸೂತ್ರವನ್ನು ದಾಟದೆ ಅರ್ಧ ಪ್ರದಕ್ಷಿಣೆ ಮಾಡಿ ಹಿಂತಿರುಗುವ ನಿಯಮವಿದೆ. ಅಂದರೆ ಮಜ್ಜನದ ನೀರು ಭಕ್ತರ ನಡಿಗೆಯನ್ನೂ ನಿರ್ದೇಶಿಸುತ್ತದೆ. ಸಿದ್ಧಾಂತಶೈವ ಆಗಮಗಳ ಪ್ರಕಾರ ಶಿವನ ನಿರ್ಮಾಲ್ಯ ಚಂಡೇಶನ ಪಾಲು. ಅದನ್ನು ಸಾಮಾನ್ಯರು ಸ್ವೀಕರಿಸುವಂತಿಲ್ಲ.

ನೀರನ್ನು ತಾಳಲಾರದ ಮೂರ್ತಿಗಳ ವಿಷಯದಲ್ಲಿ ಸಂಪ್ರದಾಯಗಳು ತೋರಿದ ಜಾಣ್ಮೆ ಅಧ್ಯಯನಯೋಗ್ಯವಾಗಿದೆ. ಶ್ರೀರಂಗದ ಮೂಲ ರಂಗನಾಥ ಗಾರೆಯ ಮೂರ್ತಿ. ಅದಕ್ಕೆ ನೀರಿನ ಸ್ನಾನವಿಲ್ಲ. ಜ್ಯೇಷ್ಠಾಭಿಷೇಕ ಉತ್ಸವಮೂರ್ತಿಗೆ ನಡೆಯುತ್ತದೆ, ಮೂಲಮೂರ್ತಿಗೆ ತೈಲಲೇಪನ ಮಾತ್ರ. ವೈಖಾನಸ ಆಗಮವನ್ನನುಸರಿಸುವ ತಿರುಮಲೆಯಲ್ಲಿ ಮೂಲಮೂರ್ತಿಗೆ ಶುಕ್ರವಾರ ಅಭಿಷೇಕ. ನಿತ್ಯದ ಸ್ನಾನ ಸಾಮವೈ ಎಂಬ ಪಲ್ಲವ ರಾಣಿ ಒಪ್ಪಿಸಿದ ಬೆಳ್ಳಿಯ ಭೋಗಶ್ರೀನಿವಾಸನಿಗೆ. ಧ್ರುವ, ಕೌತುಕ, ಸ್ನಪನ, ಉತ್ಸವ, ಬಲಿ ಎಂದು ಐದು ಬೇರಗಳನ್ನು ಕಲ್ಪಿಸಿ ಅವುಗಳಲ್ಲಿ ಒಂದಕ್ಕೆ ಸ್ನಾನದ ಹೆಸರನ್ನೇ ಇಟ್ಟಿರುವುದು ಈ ಸಂಪ್ರದಾಯದ ದೂರದೃಷ್ಟಿ. ಪುರಿಯ ಜಗನ್ನಾಥ ಬೇವಿನ ಮರದ, ಬಣ್ಣ ಬಳಿದ ಮೂರ್ತಿ. ಅಲ್ಲಿ ಪ್ರತಿದಿನದ ಸ್ನಾನ ಕನ್ನಡಿಯಲ್ಲಿ ಮೂಡಿದ ಪ್ರತಿಬಿಂಬಕ್ಕೆ ಸಲ್ಲುತ್ತದೆ. ನಿಜವಾದ ನೀರು ಮೂರ್ತಿಗಳನ್ನು ತಾಗುವುದು ಜ್ಯೇಷ್ಠ ಹುಣ್ಣಿಮೆಯಂದು, 108 ಕೊಡಗಳಿಂದ. ಆ ಸ್ನಾನದ ನಂತರ ದೇವರಿಗೆ ಜ್ವರ ಬಂದಿತೆಂದು ಸುಮಾರು ಹದಿನೈದು ದಿನ ದರ್ಶನವಿಲ್ಲ. ಆ ಅವಧಿಯಲ್ಲಿ ಮೂರ್ತಿಗಳಿಗೆ ಮತ್ತೆ ಬಣ್ಣವಾಗುತ್ತದೆ. ನೀರಿನಿಂದ ಬಣ್ಣ ಕೆಡುತ್ತದೆ ಎಂಬ ಭೌತಿಕ ಸತ್ಯವನ್ನು ದೇವರ ಕಾಯಿಲೆಯ ಕಥೆಯಾಗಿಸಿ, ದುರಸ್ತಿಗೆ ಬಿಡುವು ಮಾಡಿಕೊಟ್ಟ ವಿಧಿಯಿದು. ದೇವರು ಮೀಯಬೇಕು, ಆದರೆ ಮೂರ್ತಿ ಉಳಿಯಬೇಕು ಎಂಬ ಎರಡು ಒತ್ತಾಯಗಳ ನಡುವೆ ಇದಕ್ಕಿಂತ ಸೊಗಸಾದ ಒಪ್ಪಂದ ದೊರೆಯುವುದು ಕಷ್ಟ.

ಮುಳುಗುವಿಕೆ ಎಂಬ ಮಜ್ಜನದ ಮೂಲಾರ್ಥ ಆಚರಣೆಯಲ್ಲಿ ಪೂರ್ತಿ ಅಳಿದಿಲ್ಲ. ಜಾತ್ರೆಯ ಕೊನೆಯಲ್ಲಿ ಉತ್ಸವಮೂರ್ತಿಯನ್ನು ಹೊಳೆಗೋ ಕೆರೆಗೋ ಕಡಲಿಗೋ ಒಯ್ದು ಮೀಯಿಸುವ ಅವಭೃಥದಲ್ಲಿ ಅದು ಉಳಿದುಬಂದಿದೆ. ಕರಾವಳಿಯ ದೇವಾಲಯಗಳಲ್ಲಿ ಇದು ಇಂದಿಗೂ ಊರವರೆಲ್ಲ ಸೇರುವ ಸಂದರ್ಭ. ಯಜ್ಞ ಮುಗಿಸಿದ ಯಜಮಾನನ ಸ್ನಾನದ ಹೆಸರು ಇಲ್ಲಿ ದೇವರಿಗೆ ವರ್ಗವಾಗಿದೆ.

ಹನ್ನೆರಡನೆಯ ಶತಮಾನದ ಶರಣರು ಮಜ್ಜನವನ್ನು ಎದುರುಗೊಂಡ ಬಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಸ್ನಾನವಿಧಿಯನ್ನು ನಿರಾಕರಿಸಿದರು ಎಂದಷ್ಟೇ ಹೇಳುವುದು ಅರ್ಧಸತ್ಯ. ಜಲಚರಗಳು ಮುಟ್ಟಿದ ನೀರು, ಕರು ಮುಟ್ಟಿದ ಹಾಲು, ದುಂಬಿ ಮುಟ್ಟಿದ ಹೂವುಗಳಲ್ಲಿ ಪಾವಿತ್ರ್ಯವೆಲ್ಲಿ ಎಂಬ ಪ್ರಶ್ನೆ ಭಕ್ತಿಪರಂಪರೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಇದು ದ್ರವ್ಯಶುದ್ಧಿಯ ಅಹಂಕಾರಕ್ಕೆ ಹಾಕಿದ ಸವಾಲು. ಆದರೆ ಅದೇ ವಚನಪರಂಪರೆ ‘ಮಜ್ಜನ’ ಎಂಬ ಪದವನ್ನೂ, ಪೂಜೆಯ ನೀರನ್ನು ಸೂಚಿಸುವ ‘ಅಗ್ಘವಣಿ’ ಎಂಬ ಪದವನ್ನೂ ಪ್ರೀತಿಯಿಂದ ಉಳಿಸಿಕೊಂಡಿತು. ಬದಲಾದದ್ದು ಸ್ಥಳ. ಗರ್ಭಗೃಹದ ಸ್ಥಾವರಲಿಂಗ ಅಂಗೈಯ ಇಷ್ಟಲಿಂಗವಾದಾಗ ಮಜ್ಜನಕ್ಕೆ ಅರ್ಚಕನ ಮಧ್ಯಸ್ಥಿಕೆ ಬೇಡವಾಯಿತು, ದತ್ತಿಯ ಭೂಮಿ ಬೇಡವಾಯಿತು. ಎರೆಯುವ ಕೈ ಭಕ್ತನದು, ಲಿಂಗಕ್ಕೆ ಪೀಠವಾದ ಕೈಯೂ ಭಕ್ತನದೇ. ಪ್ರಣಾಳವಿಲ್ಲದ ಕಾರಣ ಎರೆದ ನೀರು ಗೋಡೆಯಾಚೆಗೆ ಹರಿದುಹೋಗುವುದೂ ಇಲ್ಲ. ಅಷ್ಟಾವರಣದಲ್ಲಿ ಪಾದೋದಕ, ಪ್ರಸಾದಗಳು ಸೇರಿರುವುದನ್ನು ಇದರೊಂದಿಗೆ ಇಟ್ಟು ನೋಡಿದರೆ ಪಲ್ಲಟದ ಆಳ ತಿಳಿಯುತ್ತದೆ: ಸ್ಥಾವರದ ವ್ಯವಸ್ಥೆಯಲ್ಲಿ ಚಂಡೇಶನದಾಗಿದ್ದ, ದಾಟಬಾರದೆಂದು ಗೆರೆಯೆಳೆದಿದ್ದ ಶೇಷ ಇಲ್ಲಿ ಸ್ವೀಕರಿಸಲೇಬೇಕಾದ ಅನುಗ್ರಹವಾಯಿತು. ‘ಅಂಗಭೋಗ’ದ ಅರಮನೆಯ ಗತ್ತಿನಿಂದ ಮಜ್ಜನವನ್ನು ಬಿಡಿಸಿ ಮತ್ತೆ ಮನೆಗೆ ತಂದ ಕೆಲಸ ಇದು. ಸೋಮೇಶ್ವರನ ಕಲ್ಯಾಣವೇ ಮುಂದಿನ ತಲೆಮಾರಿನಲ್ಲಿ ಬಸವಣ್ಣನ ಕಲ್ಯಾಣವೂ ಆಯಿತೆಂಬುದನ್ನು ನೆನೆದರೆ ಈ ಎರಡು ಕಲ್ಪನೆಗಳು ಎಷ್ಟು ಸಮೀಪದಲ್ಲಿ ಮುಖಾಮುಖಿಯಾದವೆಂಬುದು ತಿಳಿದೀತು.

ಹರಿಹರನು ರಗಳೆಯಾಗಿಸಿದ ಕಣ್ಣಪ್ಪನ ಕಥೆ ಇದೇ ಮುಖಾಮುಖಿಯ ಕಥನರೂಪ. ಬೇಟೆಗಾರ ಬಾಯಲ್ಲಿ ತುಂಬಿಕೊಂಡು ತಂದ ನೀರು ಲಿಂಗಕ್ಕೆ ಮಜ್ಜನವಾಗುತ್ತದೆ. ಅರ್ಚಕನ ದೃಷ್ಟಿಯಲ್ಲಿ ಅದು ಉಚ್ಛಿಷ್ಟ, ಶುದ್ಧಿಗೆ ಕಾರಣವಾಗುವ ಮೈಲಿಗೆ. ದೇವರ ದೃಷ್ಟಿಯಲ್ಲಿ ಸ್ನಾನ. ಜೈನ ಪರಂಪರೆಯ ಗುಳ್ಳಕಾಯಜ್ಜಿಯ ಐತಿಹ್ಯವನ್ನೂ ಇದರ ಜೊತೆಯಲ್ಲಿಡಬಹುದು. ಚಾವುಂಡರಾಯನ ವೈಭವದ ಅಭಿಷೇಕ ಗೊಮ್ಮಟನ ಅಡಿಯನ್ನು ಮುಟ್ಟದೆ ಹೋದಾಗ, ಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿತೆಂಬುದು ಆ ಕಥೆ. ಧರ್ಮ ಬೇರೆ, ತತ್ತ್ವ ಬೇರೆ. ಆದರೂ ಪ್ರಮಾಣದ ವಿರುದ್ಧ ಎರಡೂ ಕಥೆಗಳ ಮೊಟಕು ಒಂದೇ. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟನ ನಿತ್ಯಾಭಿಷೇಕಕ್ಕೆ ಹಣವನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ದಿನಕ್ಕೆ ಇಂತಿಷ್ಟು ಮಾನ ಹಾಲು ಸಲ್ಲಬೇಕೆಂದು ನಿಗದಿಪಡಿಸುತ್ತವೆ. ದಾನ ಶಾಶ್ವತ, ಆದರೆ ಅಳತೆ ನಿಶ್ಚಿತ.

ಅಳತೆಯ ಪ್ರಜ್ಞೆ ಶೈವ ವಿಧಿಯಲ್ಲಿಯೂ ಇತ್ತು, ಬೇರೊಂದು ರೂಪದಲ್ಲಿ. ತೈತ್ತಿರೀಯ ಸಂಹಿತೆಯ ರುದ್ರಾಧ್ಯಾಯವನ್ನು ಪಠಿಸುತ್ತ ಲಿಂಗದ ಮೇಲೆ ಧಾರೆ ಬಿಡುವ ಕ್ರಮದಲ್ಲಿ ಹನ್ನೊಂದು ಆವೃತ್ತಿಗೆ ಏಕಾದಶರುದ್ರ, 121ಕ್ಕೆ ಲಘುರುದ್ರ, 1,331ಕ್ಕೆ ಮಹಾರುದ್ರ, 14,641ಕ್ಕೆ ಅತಿರುದ್ರ ಎಂದು ಲೆಕ್ಕ. ಇಲ್ಲಿ ಎಣಿಕೆಯಾಗುವುದು ಮಂತ್ರ, ನೀರಲ್ಲ. ಧಾರಾಪಾತ್ರೆಯ ಸಣ್ಣ ರಂಧ್ರದಿಂದ ತೊಟ್ಟಿಕ್ಕುವ ನೀರು ಕಾಲವನ್ನು ಹಿಂಬಾಲಿಸುತ್ತದೆ. ಸೇವೆಯು ರಸೀತಿಗೆ ಪ್ರತಿಯಾಗಿ ಪ್ರತಿಯೊಬ್ಬ ಭಕ್ತನಿಗೂ ಸಲ್ಲಬೇಕಾದ ಹಕ್ಕಾದಾಗ ಈ ಸಂಬಂಧ ತಲೆಕೆಳಗಾಗುತ್ತದೆ. ಆಗ ಬೆಳೆಯುವುದು ಕೊಡಗಳ ಸಂಖ್ಯೆ. ರಾಜಾಭಿಷೇಕದ ಕಲ್ಪನೆಯೇ ಇದಕ್ಕೆ ಪೂರ್ಣ ಕಾರಣವೆನ್ನಲಾಗದು. ಆದರೆ ಮಜ್ಜನ ಎಂಬ ಮಾತಿನೊಳಗೆ ಸಾಕು ಎಂಬ ಅರಿವಿದೆ. ಮಿಂದವರನ್ನು ಒರೆಸಿ ಉಡಿಸಬೇಕು. ವೈಭವದ ಪರಿಭಾಷೆಗೆ ಆ ನಿಲುಗಡೆ ಸಹಜವಲ್ಲ.

ಉಜ್ಜಯಿನಿಯ ಮಹಾಕಾಲೇಶ್ವರದಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯವನ್ನೇ ತಲುಪಿತು. ಲಿಂಗದ ಸವೆತದ ಬಗ್ಗೆ ತಜ್ಞರ ಸಮಿತಿ ಪರಿಶೀಲನೆ ನಡೆಸಿದ ಮೇಲೆ, 2017ರಲ್ಲಿ ದೇವಾಲಯದ ಆಡಳಿತವು ತಾನೇ ಸೂಚಿಸಿದ ಮಿತಿಗಳನ್ನು ನ್ಯಾಯಾಲಯ ದಾಖಲಿಸಿಕೊಂಡಿತು. ಅವುಗಳ ಪ್ರಕಾರ ಒಬ್ಬ ಭಕ್ತನ ಜಲಾಭಿಷೇಕಕ್ಕೆ ಸೋಸಿದ ನೀರು ಅರ್ಧ ಲೀಟರು. ಹಾಲು ಅಥವಾ ಪಂಚಾಮೃತವಾದರೆ ಒಂದೂಕಾಲು ಲೀಟರು. ಸಕ್ಕರೆಯ ಪುಡಿಗೆ ಬದಲಾಗಿ ಖಂಡಸಾರಿ. 2020ರ ಸೆಪ್ಟೆಂಬರ್ 1ರ ತೀರ್ಪು ಇನ್ನೂ ಬಿಗಿಯಾಯಿತು. ಮೊಸರು, ತುಪ್ಪ, ಜೇನುಗಳನ್ನು ಭಕ್ತರು ಲಿಂಗಕ್ಕೆ ತಿಕ್ಕುವುದೂ ಸವೆತಕ್ಕೆ ಕಾರಣವೆಂದು ಗುರುತಿಸಿ ಅದನ್ನು ನಿಷೇಧಿಸಿತು. ಪಂಢರಪುರದ ವಿಠ್ಠಲನ ಮೂರ್ತಿಗೆ ಇದೇ ಬಗೆಯ ಸವೆತವನ್ನು ತಡೆಯಲು ರಾಸಾಯನಿಕ ಲೇಪ ಮಾಡಲಾಗಿದೆ. ಅದನ್ನು ಕರೆಯುವುದು ವರಾಹಮಿಹಿರನ ಗ್ರಂಥದಲ್ಲಿ ಅಧ್ಯಾಯವೊಂದರ ಹೆಸರಾಗಿರುವ ‘ವಜ್ರಲೇಪ’ ಎಂಬ ಪದದಿಂದಲೇ. ನ್ಯಾಯಾಲಯ ಸಂಪ್ರದಾಯದೊಳಕ್ಕೆ ಕೈಹಾಕಿತೆಂಬ ಆಕ್ಷೇಪ ಇಂಥ ಸಂದರ್ಭಗಳಲ್ಲಿ ಕೇಳಿಬರುವುದು ಸಹಜ. ಆದರೆ ದಿನಕ್ಕೆ ಇಂತಿಷ್ಟು ಮಾನ ಹಾಲೆಂದು ಕಲ್ಲಿನಲ್ಲಿ ಕೊರೆಯಿಸಿದ ದಾನಿಗಳಿಗೆ, ಬಣ್ಣದ ಮೂರ್ತಿಯ ಮುಂದೆ ಕನ್ನಡಿ ಹಿಡಿದ ಪುರಿಯ ಸೇವಕರಿಗೆ ಈ ಅರ್ಧ ಲೀಟರಿನ ಲೆಕ್ಕ ಅಪರಿಚಿತವೆನಿಸುತ್ತಿರಲಿಲ್ಲ. ಅದು ಹೆಚ್ಚುಕಡಿಮೆ ಪೂಜೆಯ ಒಂದು ಸಣ್ಣ ಚೊಂಬಿನ ನೀರು.